ಹಬ್ಬದ ಮೇಜಿಗೆ ಇಳಕಲ್, ಖಣ ಬೆರೆಸುವಾಗ

ದೀಪಾವಳಿ ಊಟದ ಮೇಜಿಗೆ ಮನೆಯಲ್ಲಿರುವ ಬಣ್ಣದ ಬಟ್ಟೆಗಳನ್ನೆಲ್ಲ ಬೆರೆಸಿ ಹಾಸಿ ಎಂದು ಲೇಖನವೊಂದರಲ್ಲಿ ಓದಿದೆ. ಬೆರೆಸಿರಿ, ಆದರೆ ವಿನ್ಯಾಸದ ಗಾತ್ರ ನೋಡಿ. ಎಲ್ಲವೂ ಒಂದೇ ಗಾತ್ರದ್ದಾದರೆ ಕಣ್ಣು ಎಲ್ಲಿಯೂ ನಿಲ್ಲುವುದಿಲ್ಲ.

ನಮ್ಮ ಅಕ್ಕಲಕೋಟೆ, ಸೊಲ್ಲಾಪುರ ಕಡೆ ತಳಕ್ಕೆ ಹಳೆಯ ಇಳಕಲ್ ಸೀರೆಯ ಸಣ್ಣ ಚೌಕಡಿ ಒಡಲು ಬಹಳ ಚಂದ. ಮೇಲೆ ಖಣದ (ಕುಪ್ಪಸದ ಬಟ್ಟೆಯ) ಪಟ್ಟಿ, ನ್ಯಾಪ್ಕಿನ್ ಮಾತ್ರ ಬರೀ ಒಂದೇ ಬಣ್ಣದ ಹತ್ತಿ. ಸೀರೆ ಅಂಚಿನ ಕೆಂಪು ಮೂರರಲ್ಲೂ ಎಲ್ಲಾದರೂ ಕಾಣಿಸಲಿ.

ಸೀರೆಯ ಅಗಲ ಸುಮಾರು 45 ಅಂಗುಲ. 36 ಅಂಗುಲ ಅಗಲದ ಮೇಜಿನಲ್ಲಿ ಎರಡೂ ಬದಿ ನಾಲ್ಕೂವರೆ ಅಂಗುಲವಷ್ಟೇ ಇಳಿಯುತ್ತದೆ. ಉದ್ದದ ತುದಿಗಳಲ್ಲೂ ಅಷ್ಟೇ ಬಿಡಿ. 60 ಅಂಗುಲದ ಮೇಜಿಗೆ 69, ಮಡಚಿ ಹೊಲಿಯಲು ಇನ್ನೆರಡು. ಖಣದ ಪಟ್ಟಿ 13 ಅಂಗುಲ ಅಗಲ ಕತ್ತರಿಸಿದರೆ ಹೊಲಿದ ಮೇಲೆ 12 ಉಳಿಯುತ್ತದೆ.

ಹೊಸ ಬಟ್ಟೆಯನ್ನು ಹೊಲಿಯುವ ಮೊದಲೇ ತಣ್ಣೀರಿನಲ್ಲಿ ಬೇರೆಬೇರೆ ನೆನೆಸಿ. ಹತ್ತಿ ಒಡಲು ಕುಗ್ಗಿ ರೇಷ್ಮೆ ಅಂಚು ಕುಗ್ಗದಿದ್ದರೆ ಅಂಚೆಲ್ಲ ಸುಕ್ಕು. ಕೆಂಪು ಬಣ್ಣ ಬಿಟ್ಟರಂತೂ ಬಿಳಿ ನ್ಯಾಪ್ಕಿನ್ ಹೋಯಿತು. ನುಣುಪಾದ ಖಣ ಜಾರುತ್ತದೆ, ಕೆಳಗಿನ ಸೀರೆಗೆ ಸೇರಿಸಿ ನಾಲ್ಕು ಹೊಲಿಗೆ ಹಾಕಿ.

ಸೊಲ್ಲಾಪುರ ಚಾದರ ಮೇಜಿಗೆ ಬೇಡ. ದಪ್ಪ ನೇಯ್ಗೆಯ ಮೇಲೆ ಲೋಟ ಓಲಾಡುತ್ತದೆ. ಅದರ ದೊಡ್ಡ ಹೂವು ಬೆಂಚಿನ ಮೇಲೆ ಮೆರೆಯಲಿ. ಹಣತೆಗಳಿಗೆ ಅಂಚಿರುವ ಹಿತ್ತಾಳೆ ತಟ್ಟೆ ಇರಲೇಬೇಕು, ಎಣ್ಣೆ ಕಲೆ ಖಣದಿಂದ ಸುಲಭಕ್ಕೆ ಹೋಗುವುದಿಲ್ಲ.