ಕಾಣೆಯಾದವರನ್ನು ದೆವ್ವ ಮಾಡಬೇಡಿ

ಹೈವೇ ಪಕ್ಕದ ಹಳೇ ಮೋಟೆಲ್. ರಾತ್ರಿ ಒಂದು ಕುಟುಂಬ ರೂಮ್ ಹಿಡಿಯುತ್ತದೆ, ಬೆಳಗಾದರೆ ಯಾರೂ ಇಲ್ಲ. ಅವತ್ತಿನಿಂದ ಆ ರೂಮಿನಲ್ಲಿ ಮಕ್ಕಳು ಅಳುವ ಸದ್ದು. ಇಂಥ ಕಥೆಗಳನ್ನು ಓದಿದರೆ ನನಗೀಗ ಭಯಕ್ಕಿಂತ ಸಿಟ್ಟೇ ಜಾಸ್ತಿ ಬರುತ್ತದೆ.

ಅಮೆರಿಕದಲ್ಲಿ ಎಷ್ಟೋ ಮೋಟೆಲ್‌ಗಳು ಪಾಳು ಬಿದ್ದಿದ್ದು ದೆವ್ವದಿಂದಲ್ಲ, ರಸ್ತೆಯಿಂದ. 1956ರ ಹೆದ್ದಾರಿ ಕಾನೂನಿನ ನಂತರ ರಾಜ್ಯ ರಾಜ್ಯಗಳನ್ನು ಜೋಡಿಸುವ ಇಂಟರ್‌ಸ್ಟೇಟ್ ಹೆದ್ದಾರಿಗಳು ಬಂದವು, ಹಳೇ ರಸ್ತೆಗಳಲ್ಲಿ ಗಿರಾಕಿಗಳು ಕಮ್ಮಿಯಾದರು. ಖಾಲಿ ಬಿದ್ದ ಕಟ್ಟಡಕ್ಕೆ ಕಥೆ ಅಂಟಿಕೊಳ್ಳೋದು ಸುಲಭ, ಅಲ್ವಾ?

ನಿಜವಾಗಿ ಕಾಣೆಯಾದ ಒಂದು ಕುಟುಂಬ ನೋಡಿ. 1958ರ ಡಿಸೆಂಬರ್ 7. ಒರೆಗಾನ್‌ನ ಪೋರ್ಟ್‌ಲ್ಯಾಂಡ್‌ನಿಂದ ಮಾರ್ಟಿನ್ ದಂಪತಿ ಮತ್ತು ಮೂವರು ಹೆಣ್ಣುಮಕ್ಕಳು ಕ್ರಿಸ್‌ಮಸ್ ಅಲಂಕಾರಕ್ಕೆ ಹಸಿರು ಎಲೆ, ಕೊಂಬೆ ತರಲು ಫೋರ್ಡ್ ಸ್ಟೇಷನ್ ವ್ಯಾಗನ್‌ನಲ್ಲಿ ಹೊರಟರು. ಕೊಲಂಬಿಯಾ ನದಿಯ ಕಣಿವೆ ಕಡೆ ಹೋದವರು ವಾಪಸ್ ಬರಲಿಲ್ಲ. ಮನೆಯಲ್ಲಿ ವಾಷಿಂಗ್ ಮಷೀನಿನೊಳಗೆ ಬಟ್ಟೆ ಹಾಗೇ ಇತ್ತು. ಸಂಜೆ ಬಂದು ಒಣಗಿಸುವ ಬಟ್ಟೆ ಅದು. ನನ್ನ ಕರುಳು ಚುರುಕ್ ಅಂದಿದ್ದು ಇಲ್ಲಿ.

1959ರ ಮೇ ತಿಂಗಳಲ್ಲಿ ಇಬ್ಬರು ಹುಡುಗಿಯರ ಶವ ನದಿಯಲ್ಲಿ ಸಿಕ್ಕಿತು. ಉಳಿದ ಮೂವರ, ಕಾರಿನ ಸುಳಿವೇ ಆಗ ಸಿಗಲಿಲ್ಲ. ಯಾರೋ ಅಪಹರಿಸಿದರು, ಯಾರೋ ಕೊಂದರು ಅಂತ ದಶಕಗಳ ಕಾಲ ಮಾತು ನಡೆಯಿತು. ಕೊನೆಗೆ, ವರ್ಷಗಟ್ಟಲೆ ಹುಡುಕಿದ ಒಬ್ಬ ಡೈವರ್‌ಗೆ 2024ರಲ್ಲಿ ಅದೇ ನದಿ ದಡದ ಕ್ಯಾಸ್ಕೇಡ್ ಲಾಕ್ಸ್ ಊರಿನ ಹತ್ತಿರ ನೀರಿನಡಿ ಕಾರು ಕಂಡಿತು. 2025ರ ಮಾರ್ಚ್‌ನಲ್ಲಿ ಕ್ರೇನ್ ಹಾಕಿ ಎತ್ತಿದರು. ಅಷ್ಟು ವರ್ಷ ಹೂಳಲ್ಲಿ ಹೂತಿದ್ದ ಗಾಡಿ, ಪೂರ್ತಿ ಮೇಲೆ ಬರಲೇ ಇಲ್ಲ, ಒಂದು ಭಾಗ ಮಾತ್ರ ಬಂತು.

ಆ ಡೈವರ್ ನದಿ ಹುಡುಕಿದ. ದೆವ್ವದ ಕಥೆ ಕಟ್ಟುವವರು ಹುಡುಕುವುದಿಲ್ಲ. ಅವರಿಗೆ ಉತ್ತರ ಆಗಲೇ ಸಿಕ್ಕಿಬಿಟ್ಟಿರುತ್ತದೆ! ಅಳುವ ಮಗುವಿಗೆ ಒಂದು ವಯಸ್ಸಿತ್ತು, ಶಾಲೆಯಿತ್ತು, ಇವತ್ತಿಗೂ ಕಾಯುತ್ತಿರುವ ಒಬ್ಬ ಅಣ್ಣನೋ ಚಿಕ್ಕಮ್ಮನೋ ಇರಬಹುದು ಅನ್ನೋದು ಅವರ ತಲೆಗೇ ಬರುವುದಿಲ್ಲ.

ಕಾಣೆಯಾದವರ ಕಥೆ ಹಂಚಿಕೊಳ್ಳಲೇಬೇಕಾ? ಹಾಗಿದ್ದರೆ ಅವರ ಫೋಟೋ, ಕಾಣೆಯಾದ ವರ್ಷ, ಕಾರಿನ ಮಾಡೆಲ್, ಕೊನೆಗೆ ಕಂಡ ರಸ್ತೆ, ಮಾಹಿತಿ ಇದ್ದವರು ಯಾವ ಪೊಲೀಸ್ ಕಚೇರಿಗೆ ಹೇಳಬೇಕು ಅನ್ನೋದನ್ನ ಹಾಕಿ. ರೂಮ್ ನಂಬರ್ ಬಿಟ್ಟುಬಿಡಿ.