ಸುವರ್ಣಸೌಧದ ಗೇಟು ತೆಗೆಯಿರಿ, ಸೈಕಲ್ ಬಂದಿದೆ

ಬೆಳಗಾವಿಯಲ್ಲಿ ಸೈಕಲ್ ಹೊಡೆಯಲು ಸುರಕ್ಷಿತ ಜಾಗ ಎಲ್ಲಿದೆ ಅಂತ ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಶುಗರ್ ಬಂದಿದೆ ಅಂತ ಕೆಲವರು, ಮಗ ಮೊಬೈಲ್ ಬಿಡುತ್ತಿಲ್ಲ ಅಂತ ಕೆಲವರು, ಸುಮ್ನೆ ಬೆಳಗಿನ ಗಾಳಿಗೆ ಅಂತ ಇನ್ನು ಕೆಲವರು. ಅಂಥ ಜಾಗ ಖಂಡಿತ ಇದೆ. ವಿಶಾಲವಾಗಿದೆ, ನುಣ್ಣಗಿದೆ, ಕಾವಲಿಗೆ ಪೊಲೀಸರಿದ್ದಾರೆ. ಒಳಗೆ ಲಾರಿ ಇಲ್ಲ, ಕಬ್ಬಿನ ಟ್ರ್ಯಾಕ್ಟರ್ ಇಲ್ಲ, ಪಾನಿಪುರಿ ಗಾಡಿಯೂ ಇಲ್ಲ. ಅದರ ಹೆಸರು ಸುವರ್ಣ ವಿಧಾನಸೌಧ.

ನಗಬೇಡಿ. 2012ರ ಅಕ್ಟೋಬರ್ 11ರಂದು ಆಗಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಉದ್ಘಾಟಿಸಿದ ಈ ಸೌಧ 127 ಎಕರೆ ಜಾಗದಲ್ಲಿ ನಿಂತಿದೆ. ಡಿಸೆಂಬರಿನಲ್ಲಿ ಸುಮಾರು ಎರಡು ವಾರ ಅಧಿವೇಶನ ನಡೆಯುತ್ತದೆ. ಆಮೇಲೆ ಶಾಸಕರು ಕುಂದಾ ಕಟ್ಟಿಸಿಕೊಂಡು ಬೆಂಗಳೂರಿಗೆ ಹೋಗುತ್ತಾರೆ. ಉಳಿದ ಐವತ್ತು ವಾರ ಅಲ್ಲಿ ಏನು ನಡೆಯುತ್ತದೆ? ಕೆಲವು ಕಚೇರಿಗಳು ಬಂದಿವೆ ಅನ್ನಿ. ಆದರೆ ಕಚೇರಿಗೆ ಭಾನುವಾರ ರಜೆ. ಸೈಕಲ್ ಹೊಡೆಯುವವರು ಹೊರಬೀಳುವುದೂ ಭಾನುವಾರವೇ. ಇಷ್ಟು ಚಂದದ ಹೊಂದಾಣಿಕೆ ಯಾವ ಸಮ್ಮಿಶ್ರ ಸರಕಾರದಲ್ಲೂ ಕಂಡಿದ್ದಿಲ್ಲ.

ಬೇರೆ ಜಾಗಗಳಿಲ್ಲವೇ ಅಂತ ನೀವು ಕೇಳಬಹುದು. ಕೇಳಿದವರಿಗೆಲ್ಲ ಊರು ಕೊಡುವ ಉತ್ತರ ಒಂದೇ: "ಕ್ಯಾಂಪಿಗೆ ಹೋಗ್ರಿ." ನಿಜ, ಕ್ಯಾಂಪಿನ ರಸ್ತೆಗಳು ಚೆನ್ನಾಗಿವೆ. ದೊಡ್ಡ ದೊಡ್ಡ ಮರಗಳಿವೆ, ಬೆಳಗಿನ ಜಾವ ಹಕ್ಕಿ ಕೂಗುವುದು ಕೇಳಿಸುತ್ತದೆ. ಆದರೆ ಅದು ದಂಡಿನ ಪ್ರದೇಶ. ಅಲ್ಲಿನ ಆಡಳಿತ ಮಂಡಳಿಯೇ ಬೇರೆ. ಅಂದರೆ ಬೆಳಗಾವಿಯಲ್ಲಿ ನಿರಾಳವಾಗಿ ಸೈಕಲ್ ಹೊಡೆಯಬೇಕಾದರೆ ಊರಿನ ಆಡಳಿತದಿಂದ ಆಚೆ ಹೋಗಬೇಕು. ಇದನ್ನು ಟೀಕೆ ಅಂತ ತಿಳಿಯಬೇಡಿ, ಬರೀ ದಾರಿ ಹೇಳುತ್ತಿದ್ದೇನೆ.

ಇನ್ನು ಸ್ಮಾರ್ಟ್ ಸಿಟಿ. 2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ನಗರಗಳ ಪಟ್ಟಿ ಬಂದಾಗ ಅದರಲ್ಲಿ ಬೆಳಗಾವಿಯೂ ಇತ್ತು. ಪೇಢೆ ಹಂಚಿದೆವು. ಆಮೇಲೆ ರಸ್ತೆ ಅಗೆದರು, ಮುಚ್ಚಿದರು, ಏನೋ ಮರೆತೆವೆಂದು ಮತ್ತೆ ಅಗೆದರು. ಕೊನೆಗೆ ಅಲ್ಲಲ್ಲಿ ರಸ್ತೆಯ ಅಂಚಿಗೆ ಸೈಕಲ್ ಪಥ ಅಂತ ಒಂದು ಪಟ್ಟಿ ಕಾಣಿಸಿಕೊಂಡಿತು. ಖಾಲಿ ಬಿಟ್ಟರೆ ಹಾಳಾಗುತ್ತದೆ ಅಂತ ನಮ್ಮ ಜನ ಅದನ್ನು ಕೂಡಲೇ ಉಪಯೋಗಕ್ಕೆ ತಂದರು. ಬೆಳಿಗ್ಗೆ ಅಲ್ಲಿ ಕಾರು ತೊಳೆಯುತ್ತಾರೆ. ಮಧ್ಯಾಹ್ನ ಅದೇ ಕಾರು ಅಲ್ಲೇ ನೆರಳಿಗೆ ನಿಲ್ಲುತ್ತದೆ. ಸಂಜೆ ಗೋಬಿ ಮಂಚೂರಿ, ರಾತ್ರಿ ಮನೆ ಕಟ್ಟುವವರ ಮರಳು. ನಡುವೆ ಒಂದು ಟ್ರಾನ್ಸ್‌ಫಾರ್ಮರ್. ಪಥ ಅದರವರೆಗೆ ಹೋಗಿ ನಿಲ್ಲುತ್ತದೆ. ಆಚೆ ಮತ್ತೆ ಶುರುವಾಗುತ್ತದೆ. ನಡುವಿನ ದಾರಿಯನ್ನು ಸೈಕಲ್ ಸವಾರ ತನ್ನ ಪುಣ್ಯದ ಮೇಲೆ ದಾಟಬೇಕು.

ಸೈಕಲ್ ಪಥ ಹೇಗಿರಬೇಕು ಅಂತ ಗೊತ್ತಿಲ್ಲದೆ ಹೀಗಾಯಿತು ಅನ್ನುವಂತೆಯೂ ಇಲ್ಲ. ರಸ್ತೆಗಳ ಅಳತೆ ಹೇಳುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ 1962ರಲ್ಲೇ ಲೆಕ್ಕ ಬರೆದಿಟ್ಟಿದೆ: ಕಡಿಮೆಯೆಂದರೂ 2 ಮೀಟರ್ ಅಗಲ. ಈ ಅಳತೆ ನೋಡಿದಾಗೆಲ್ಲ ನನಗೆ ನಮ್ಮವರ ಮೇಲೆ ಗೌರವ ಹೆಚ್ಚುತ್ತದೆ. ಒಂದು ಕಾರು ನಿಲ್ಲಿಸಲು ಸರಿಯಾಗಿ ಎಷ್ಟು ಬೇಕೋ ಅಷ್ಟನ್ನು ಅವತ್ತೇ ಕಂಡುಕೊಂಡಿದ್ದರು.

ಊರ ಹೊರಗೆ ಹೋಗೋಣ ಅಂದರೆ ದಾರಿಗಳೇನೋ ಸೊಗಸಾಗಿವೆ. ರಾಕಸಕೊಪ್ಪದ ಕಡೆ ಹಸಿರು, ಜಾಂಬೋಟಿ ಕಡೆ ಕಾಡು, ಯಳ್ಳೂರಿನ ರಾಜಹಂಸಗಡಕ್ಕೆ ಒಳ್ಳೆಯ ಏರು. ಅಂದಹಾಗೆ ಆ ಗಡದ ಮೇಲಿನ ಶಿವಾಜಿ ಪ್ರತಿಮೆ 2023ರ ಮಾರ್ಚ್‌ನಲ್ಲಿ ವಾರದೊಳಗೆ ಎರಡು ಸಲ ಉದ್ಘಾಟನೆಯಾಯಿತು. ಎರಡೂ ಪಕ್ಷದವರು ಬಂದರು. ಒಂದು ಸೈಕಲ್ ದಾರಿಯ ಮೇಲೆ ಎರಡು ಪಕ್ಷಗಳೂ ಹೀಗೆ ಹಕ್ಕು ಸಾಧಿಸುವ ದಿನ ಬರಲಿ. ಬೇಕಾದರೆ ಆರು ಸಲ ಉದ್ಘಾಟನೆ ಮಾಡಲಿ, ಪ್ರತಿ ಸಲವೂ ಚಪ್ಪಾಳೆ ಹೊಡೆಯಲು ನಾನು ಬರುತ್ತೇನೆ.

ಸೊಗಸಾದ ಈ ದಾರಿಗಳನ್ನು ತಲುಪುವುದೇ ಕಷ್ಟ. ಸೈಕಲ್ ಅಂಗಡಿಯವನೊಬ್ಬ ನನ್ನ ಗೆಳೆಯನಿಗೆ ಗೇರು, ಬ್ರೇಕು ಎಲ್ಲ ವಿವರಿಸಿ ಕೊನೆಗೆ ಕೇಳಿದನಂತೆ: "ಸರ, ಕಾರಿನ ಹಿಂದ ಸೈಕಲ್ ಕಟ್ಟೂ ಸ್ಟ್ಯಾಂಡ್ ಕೊಡ್ಲೇನ್ರಿ?"

"ಕಾರ್ ಯಾಕಪಾ? ನಾ ಸೈಕಲ್ ತಗೊಳ್ಳಾಕ ಬಂದೇನಿ."

"ಮತ್ತ ಸೈಕಲ್ ಹೊಡಿಯೂ ಜಾಗಾಕ್ಕ ಹೋಗೂದು ಹ್ಯಾಂಗ್ರಿ?"

ಗೆಳೆಯ ಎರಡನ್ನೂ ಕೊಂಡ. ಈಗ ಭಾನುವಾರ ಪೆಟ್ರೋಲ್ ಹಾಕಿಸಿಕೊಂಡು ಸೈಕಲ್ ಹೊಡೆಯಲು ಹೋಗುತ್ತಾನೆ. ಪರಿಸರ ಉಳಿಯಿತು.

ಮಕ್ಕಳ ವಿಷಯಕ್ಕೆ ಬಂದರೆ ಸರಕಾರಕ್ಕೆ ಸೈಕಲ್ ಅಂದರೆ ಆಗದು ಅಂತ ಹೇಳುವುದು ತಪ್ಪಾಗುತ್ತದೆ. 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದ್ದು ಸರಕಾರವೇ. ಬೆಳಗಾವಿಯಲ್ಲಿ ಮೊದಲ ಅಧಿವೇಶನ ನಡೆದದ್ದೂ 2006ರಲ್ಲೇ. ಆಗಿನ್ನೂ ಸೌಧ ಇರಲಿಲ್ಲ. ಅಧಿವೇಶನಕ್ಕೆ ಆರು ವರ್ಷದಲ್ಲಿ ಅರಮನೆ ಎದ್ದಿತು. ಸೈಕಲ್‌ಗೆ ದಾರಿ ಏಳಲಿಲ್ಲ. ಕೊರೊನಾ ಬಂದಾಗ ಸೈಕಲ್ ಹಂಚುವುದೂ ನಿಂತಿತು. ದಾರಿಯೇ ಇಲ್ಲದ ಮೇಲೆ ಸೈಕಲ್ ಯಾಕೆ ಅಂತ ಯಾರೋ ಸರಿಯಾಗಿಯೇ ಯೋಚಿಸಿರಬೇಕು.

ಈಗ ಡಿಸೆಂಬರಿಗೆ ಬರೋಣ. ಬೆಳಗಾವಿಯ ಸೈಕಲ್ ಸವಾರನಿಗೆ ಹಬ್ಬದ ತಿಂಗಳದು. ಮಳೆಗಾಲದಲ್ಲಿ ಬಿದ್ದ ತಗ್ಗುಗಳು ದೀಪಾವಳಿಯವರೆಗೂ ನೀರು ಹಿಡಿದುಕೊಂಡಿರುತ್ತವೆ. ಎಷ್ಟು ಅರ್ಜಿ ಕೊಟ್ಟರೂ ಜಗ್ಗುವುದಿಲ್ಲ. ಅಧಿವೇಶನದ ದಿನಾಂಕ ಹೊರಬಿತ್ತೋ, ಮಾರನೆಯ ದಿನವೇ ಡಾಂಬರಿನ ವಾಸನೆ! ರೋಲರು ಬರುತ್ತದೆ, ಡಿವೈಡರಿಗೆ ಬಣ್ಣ ಬರುತ್ತದೆ, ವರ್ಷವಿಡೀ ಕಣ್ಣು ಮುಚ್ಚಿದ್ದ ಬೀದಿ ದೀಪಗಳು ಕಣ್ಣು ಬಿಡುತ್ತವೆ. ಎಲ್ಲಿಯವರೆಗೆ? ಮಂತ್ರಿಗಳ ಕಾರು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ. ಅವರು ತಿರುಗದ ಓಣಿಯ ಬಾಯಲ್ಲಿ ಡಾಂಬರು ಕತ್ತರಿಸಿದ ಹಾಗೆ ನಿಂತಿರುತ್ತದೆ. ಹೀಗಾಗಿ ನಮ್ಮಲ್ಲಿ ಸುರಕ್ಷಿತ ಸೈಕಲ್ ದಾರಿ ಹುಡುಕಲು ಮ್ಯಾಪ್ ಬೇಡ, ಮಂತ್ರಿಗಳ ಪ್ರವಾಸದ ಪಟ್ಟಿ ಸಾಕು.

ಆದರೆ ಹಬ್ಬದ ಸುಖಕ್ಕೂ ಒಂದು ವಿಘ್ನವಿದೆ. ಡಿಸೆಂಬರ್ ಕಬ್ಬಿನ ಕಾಲವೂ ಹೌದು. ರಾಜ್ಯದಲ್ಲೇ ಅತಿ ಹೆಚ್ಚು ಸಕ್ಕರೆ ಕಾರ್ಖಾನೆಗಳಿರುವ ಜಿಲ್ಲೆ ನಮ್ಮದು. ಒಂದು ಟ್ರ್ಯಾಕ್ಟರು, ಹಿಂದೆ ಎರಡು ಟ್ರೇಲರು, ಅವುಗಳ ಎರಡೂ ಬದಿಗೆ ಮೀಟರುಗಟ್ಟಲೆ ಚಾಚಿದ ಕಬ್ಬು. ಹಿಂದಿನ ದೀಪಕ್ಕೆ ಹಣವಿರುವುದಿಲ್ಲ, ಸ್ಪೀಕರಿಗೆ ಇರುತ್ತದೆ. ಜನಪದ ಹಾಡು ಮುಂದಿನ ಊರಿಗೂ ಕೇಳಿಸುತ್ತಿರುವಾಗ ನಿಮ್ಮ ಸೈಕಲ್ಲಿನ ಟ್ರಿಣ್ ಟ್ರಿಣ್ ಗಂಟೆ ಡ್ರೈವರನಿಗೆ ಎಲ್ಲಿ ಕೇಳಬೇಕು? ತಪ್ಪು ಅವನದಲ್ಲ ಬಿಡಿ. ನಿದ್ದೆಗೆಟ್ಟು ಕಾರ್ಖಾನೆಯ ಸಾಲಿನಲ್ಲಿ ನಿಲ್ಲುವವನು ಅವನು, ಹಾಡಾದರೂ ಬೇಡವೇ?

ಆದ್ದರಿಂದಲೇ ನಾನು ಹೇಳುವುದು, ಸೌಧದ ಗೇಟು ತೆಗೆಯಿರಿ. ಜನ ಒಳಗೆ ಬಂದರೆ ಘನತೆಗೆ ಕುಂದು ಅನ್ನುವವರಿಗೆ 2022 ನೆನಪಿಸಬೇಕು. ಆ ಬೇಸಿಗೆಯಲ್ಲಿ ಅಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಸೌಧದ ಮುಂದೆ ಶಾವಿಗೆ, ಹಪ್ಪಳ ಒಣಹಾಕಿದ್ದರು. ಫೋಟೊ ಊರೆಲ್ಲ ಹರಿದಾಡಿತು, ದೊಡ್ಡ ಗದ್ದಲವಾಯಿತು. ನನಗಂತೂ ಆ ಕಟ್ಟಡದ ಖಾಲಿ ಜಾಗವನ್ನು ಸರಿಯಾಗಿ ಬಳಸಿದ ಮೊದಲ ವ್ಯಕ್ತಿ ಅವರೇ ಅನ್ನಿಸಿತು. ಬಿಸಿಲು ಇತ್ತು, ಚೊಕ್ಕ ಕಲ್ಲುಹಾಸು ಇತ್ತು, ಕಾಗೆ ಓಡಿಸಲು ಭದ್ರತೆಯೂ ಇತ್ತು. ಇನ್ನೇನು ಬೇಕು?

ಒಂದೇ ತೊಡಕು. ಊರಿನಿಂದ ಸೌಧವಿರುವ ಹಲಗಾಕ್ಕೆ ಹೋಗಬೇಕಾದರೆ ಹಳೇ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆ ಹಿಡಿದು ಹೆದ್ದಾರಿಗೆ ಬೀಳಬೇಕು. ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಬರುವ ಬೈಕುಗಳು, ಹಿಂದಿನಿಂದ ಬರುವ ಲಾರಿಗಳು, ಎಡಕ್ಕೆ ನಾಯಿಗಳು. ಸುರಕ್ಷಿತ ಜಾಗ ತಲುಪುವ ಮೊದಲೇ ಜೀವ ಹೋದರೆ ಏನು ಬಂತು? ಇದಕ್ಕೂ ಉಪಾಯವಿದೆ. 2017ರಲ್ಲಿ ಮಂತ್ರಿಗಳ ಕಾರಿನ ಕೆಂಪು ದೀಪ ತೆಗೆಸಿದರಲ್ಲ, ಆ ದೀಪಗಳೆಲ್ಲ ಯಾವುದೋ ಗೋದಾಮಿನಲ್ಲಿ ಬಿದ್ದಿರಬೇಕು. ಅವನ್ನು ಸೈಕಲ್‌ಗಳಿಗೆ ಹಂಚಿ. ನಮ್ಮ ರಸ್ತೆಯಲ್ಲಿ ಜನ ಬೇರೆ ಯಾವ ದೀಪಕ್ಕೂ ಬೆಲೆ ಕೊಡುವುದಿಲ್ಲ, ಅದಕ್ಕೆ ಕೊಡುತ್ತಾರೆ. ಗೂಟದ ಕಾರು ಹೋಯಿತು, ಗೂಟದ ಸೈಕಲ್ ಬರಲಿ.

ನಮ್ಮ ಕಡೆಯಿಂದ ಷರತ್ತುಗಳನ್ನೂ ಒಪ್ಪುತ್ತೇವೆ. ಹುಲ್ಲಿನ ಮೇಲೆ ಹೊಡೆಯುವುದಿಲ್ಲ. ಶಾವಿಗೆ ಒಣಹಾಕಿದ್ದರೆ ಸುತ್ತಿ ಹೋಗುತ್ತೇವೆ, ಮೊದಲ ಹಕ್ಕು ಅದರದ್ದೇ. ಅಧಿವೇಶನ ಶುರುವಾಗುವ ಹಿಂದಿನ ದಿನವೇ ಯಾರೂ ಹೇಳದೆ ಜಾಗ ಖಾಲಿ ಮಾಡುತ್ತೇವೆ. ಆ ಎರಡು ವಾರ ಹೊರಗಿನ ರಸ್ತೆ ಹೇಗೂ ಚೆನ್ನಾಗಿರುತ್ತದೆ.