ಮೋಟಾರ್ ಚಾಲೂ ಮಾಡದೆ ಬಿಟ್ಟ ಐಸಿಡಿ

ಅಣ್ಣಿಗೇರಿಯ ನಮ್ಮ ಕಾಕಾ ಅವರಿಗೆ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಎಡಭುಜದ ಕೆಳಗೆ ಐಸಿಡಿ ಕೂರಿಸಿದರು; ಹೃದಯದ ಲಯ ಅಪಾಯಕರವಾಗಿ ಕೆಟ್ಟಾಗ ತಂತಿಯ ಮೂಲಕ ತಾನೇ ಶಾಕ್ ಕೊಟ್ಟು ಸರಿಪಡಿಸುವ ಪುಟ್ಟ ಯಂತ್ರವದು. ಮನೆಗೆ ಹೊರಡುವ ದಿನ ಅವರು ಡಾಕ್ಟರರನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಹೊಲದಾಗ ಬೋರ್ ಹಾಕ್ಸಿದ ಮ್ಯಾಲೆ ಮೋಟಾರ್ ಚಾಲೂ ಮಾಡಿ ನೋಡೇ ರೊಕ್ಕ ಕೊಡ್ತೀವ್ರೀ. ಇದನ್ನ ಚಾಲೂ ಮಾಡಿ ನೋಡೀರೇನು?’ ನೋಡಿರಲಿಲ್ಲ.

ಅಂಥ ಪರೀಕ್ಷೆ ಇದೆ, ಬಹಳ ವರ್ಷ ಅದು ವಾಡಿಕೆಯೂ ಆಗಿತ್ತು. ರೋಗಿಗೆ ಮಂಪರು ಬರಿಸಿ, ಇಸಿಜಿಯಲ್ಲಿ ಟಿ ಅಲೆ ಏಳುವ ನಾಜೂಕಿನ ಕ್ಷಣಕ್ಕೆ ಸರಿಯಾಗಿ ಅದೇ ಯಂತ್ರದಿಂದ ಸಣ್ಣ ಶಾಕ್ ಕೊಟ್ಟರೆ, ಹೃದಯದ ಕೆಳಕೋಣೆಗಳು ಬಡಿಯುವುದನ್ನು ಬಿಟ್ಟು ಬರೀ ಅದುರತೊಡಗುತ್ತವೆ. ಯಂತ್ರ ಅದನ್ನು ತಾನೇ ಗುರುತಿಸಿ, ಕೆಪಾಸಿಟರ್ ತುಂಬಿಕೊಂಡು, ತನ್ನ ಗರಿಷ್ಠ ಶಕ್ತಿಗಿಂತ ಸುಮಾರು 10 ಜೂಲ್ ಕಡಿಮೆ ಶಾಕಿನಲ್ಲೇ ಲಯವನ್ನು ಮರಳಿಸಿದರೆ ಪಾಸು. ಸೋತರೆ ಇರಲಿ ಎಂದು ಹೊರಗಿನಿಂದ ಶಾಕ್ ಕೊಡುವ ಯಂತ್ರದ (ಡಿಫಿಬ್ರಿಲೇಟರ್) ಪ್ಯಾಡುಗಳನ್ನು ಮೊದಲೇ ಎದೆಗೆ ಅಂಟಿಸಿರುತ್ತಾರೆ.

ಈ ಯಂತ್ರದ ಜನಕ ಮಿಷೆಲ್ ಮಿರೋವ್‌ಸ್ಕಿ ತಮ್ಮ ಕಲ್ಪನೆಯನ್ನು ಜನ ನಂಬಲೆಂದು, ನಾಯಿಯೊಂದು ಕುಸಿದು ಬಿದ್ದು ಶಾಕ್ ತಗುಲಿದೊಡನೆ ಎದ್ದು ನಿಲ್ಲುವ ಚಿತ್ರವನ್ನು ತೋರಿಸಿದರಂತೆ. ನಾಯಿಗೆ ಹಾಗೆ ಬೀಳಲು ಕಲಿಸಿದ್ದೀರಿ ಎಂದವರೂ ಇದ್ದರು! 1980ರ ಫೆಬ್ರುವರಿಯಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ಮನುಷ್ಯನಿಗೆ ಅದನ್ನು ಅಳವಡಿಸಿದಾಗ ಎದೆ ತೆರೆಯಬೇಕಿತ್ತು, ಶಾಕ್ ಸೋಲುವ ಭಯ ನಿಜವಾಗಿತ್ತು, ಆದ್ದರಿಂದ ಮಾಡಿ ನೋಡುವುದು ನ್ಯಾಯವೇ ಆಗಿತ್ತು.

ಇಂದಿನ ಯಂತ್ರಗಳ ವಿಷಯ ಬೇರೆ. ‘ಸಿಂಪಲ್’ ಎಂಬ ಅಧ್ಯಯನದಲ್ಲಿ 2,500 ರೋಗಿಗಳನ್ನು ಪರೀಕ್ಷೆ ಮಾಡಿದವರು, ಮಾಡದವರು ಎಂದು ಎರಡು ಗುಂಪಾಗಿಸಿ ಕೆಲ ವರ್ಷ ಗಮನಿಸಿದರು. ಪರೀಕ್ಷೆಯಿಂದ ಮುಂದಿನ ಶಾಕುಗಳು ಹೆಚ್ಚು ಫಲಿಸಲಿಲ್ಲ, ಲಯ ತಪ್ಪಿ ಸಾಯುವುದೂ ತಗ್ಗಲಿಲ್ಲ ಎಂದು 2015ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಮ್ಮೆ ಗೆದ್ದ ಶಾಕ್ ಪ್ರತಿ ಸಲ ಗೆದ್ದೇ ಗೆಲ್ಲುತ್ತದೆ ಎಂಬ ಖಾತರಿಯೂ ಇಲ್ಲ. ಮೇಲಾಗಿ, ಹೃದಯದೊಳಗೆ ಹೆಪ್ಪುಗಟ್ಟಿದ ರಕ್ತವಿದ್ದರೆ ಆ ಶಾಕಿಗೆ ಅದು ಕಳಚಿ ಮಿದುಳಿಗೆ ಹೋಗಿ ಲಕ್ವ ಹೊಡೆಯಬಹುದು. ಬಲಬದಿಗೆ ಕೂರಿಸಿದಾಗ, ಅಥವಾ ತಂತಿಯನ್ನು ಹೃದಯದೊಳಗೆ ಇಳಿಸದೆ ಚರ್ಮದಡಿಯಲ್ಲೇ ಇಡುವ ಬಗೆಯದಾದಾಗ, ಪರೀಕ್ಷೆಗೆ ಈಗಲೂ ಕಾರಣಗಳಿವೆ. ಕಾಕಾ ಅವರದು ಅಂಥದ್ದಲ್ಲ.

ಹಾಗಾಗಿ ಡಾಕ್ಟರರ ನಿರ್ಧಾರ ಸರಿಯೆಂದೇ ನನ್ನ ಅಭಿಪ್ರಾಯ. ನನ್ನ ತಕರಾರಿರುವುದು ಮೌನದ ಬಗ್ಗೆ. ನಾಲ್ಕು ಪುಟಗಳಿಗೆ ಸಹಿ ಹಾಕಿಸಿಕೊಂಡವರು, ಇಂಥದೊಂದು ಪರೀಕ್ಷೆಯಿದೆ, ಇಂಥ ಕಾರಣಕ್ಕೆ ಬಿಡುತ್ತಿದ್ದೇವೆ ಎಂಬ ಎರಡು ಮಾತನ್ನು ನಮಗೆ ತಿಳಿಯುವ ಕನ್ನಡದಲ್ಲಿ ಹೇಳಿದ್ದರೆ, ಕಾಕೂ ಒಂದು ವಾರ ನಿದ್ದೆಗೆಡುತ್ತಿರಲಿಲ್ಲ.

ಮೊದಲ ತಪಾಸಣೆಯ ದಿನ ಡಾಕ್ಟರರು ಪರದೆಯ ಮೇಲೆ ಬ್ಯಾಟರಿ, ತಂತಿಯ ರೋಧ, ಹೃದಯದ ಸಂಕೇತ ಎಲ್ಲವನ್ನೂ ತೋರಿಸಿದರು. ‘ಹಂಗಾರ ಕರೆಂಟ್ ಐತಿ, ವೈರ್ ಸರಿ ಐತಿ, ನೀರು ಬರೂದಷ್ಟ ನೋಡಿಲ್ಲ ಅನ್ರೀ’ ಎಂದರು ಕಾಕಾ. ‘ಹೌದ್ರೀ ಸಾವಕಾರ್ರ, ಅಷ್ಟ’ ಎಂದು ಡಾಕ್ಟರರೂ ನಕ್ಕರು.